ಮ್ಯಾಗ್ನೆಟಿಕ್ ಮೆಮೊರಿ ತಂತಿಯನ್ನು ಎಳೆದು ನೋಡುವ ಬಗೆ

ಮ್ಯಾಗ್ನೆಟಿಕ್ ಮೆಮೊರಿ ತಂತಿ ಎಂದರೆ ಇಲ್ಲಿ ನಿಕ್ಕಲ್-ಮ್ಯಾಂಗನೀಸ್-ಗ್ಯಾಲಿಯಂ ಮಿಶ್ರಲೋಹದ ತಂತಿ. ಅದರ ಸೂಪರ್‌ಇಲಾಸ್ಟಿಕ್ ಗುಣ (ತುಂಬ ಎಳೆದು ಬಿಟ್ಟರೂ ಮೊದಲಿನ ಉದ್ದಕ್ಕೆ ಮರಳುವುದು) ಅಳೆಯಲು ಲ್ಯಾಬಿಗೆ ಬರುವ ಹೊಸಬರ ಕೈಗೆ ನಾನು ಮೊದಲು ಕೊಡುವುದು ಹಲ್ಲಿನ ಕ್ಲಿಪ್ಪಿಗೆ ಹಾಕುವ ನಿಟಿನಾಲ್ (ನಿಕ್ಕಲ್-ಟೈಟಾನಿಯಂ) ತಂತಿ. ಅದು ಅಗ್ಗ, ಒರಟು ಕೈಯನ್ನೂ ತಾಳಿಕೊಳ್ಳುತ್ತದೆ. ನಮ್ಮ ಅಸಲಿ ತಂತಿ ಹಾಗಲ್ಲ, ಹರಳುಗಳು ಕೂಡುವ ಅಂಚಿನಲ್ಲೇ ಪಟ್ಟನೆ ಮುರಿಯುತ್ತದೆ.

ಕೈ ಪಳಗಿದ ಮೇಲೆ ಅಸಲಿ ತಂತಿಯ ಚೂರೊಂದನ್ನು ಡಿಎಸ್‌ಸಿಗೆ (ಬಿಸಿ ಮಾಡುವಾಗ ಚೂರು ಹೀರುವ ಶಾಖ ಅಳೆಯುವ ಯಂತ್ರ) ಹಾಕಿ, ಎಷ್ಟು ಡಿಗ್ರಿಗೆ ಅದು ಪೂರ್ತಿ ಆಸ್ಟೆನೈಟ್ (ಬಿಸಿಯಲ್ಲಿರುವ ಹರಳಿನ ರೂಪ) ಆಗುತ್ತದೆ ಎಂದು ನೋಡಿಕೊಳ್ಳಿ. ಅದಕ್ಕಿಂತ ಹತ್ತು ಡಿಗ್ರಿಯಷ್ಟು ಮೇಲೆ ಪರೀಕ್ಷೆ ಮಾಡಿ. ಆಗ ಎಳೆದರೆ ಮಾರ್ಟೆನ್ಸೈಟ್ (ತಣ್ಣಗಿದ್ದಾಗಿನ ಹರಳಿನ ರೂಪ) ಹುಟ್ಟುತ್ತದೆ, ಬಿಟ್ಟರೆ ಆಸ್ಟೆನೈಟಿಗೆ ಮರಳುತ್ತದೆ.

ತಂತಿ ಕಚ್ಚಿಸುವುದೇ ಅರ್ಧ ಕೆಲಸ. ಯಂತ್ರದ ದವಡೆಗೆ ನೇರ ಸಿಕ್ಕಿಸಿದರೆ ಅಲ್ಲೇ ತುಂಡಾಗುತ್ತದೆ. ವಿಸಿಟಿಂಗ್ ಕಾರ್ಡಿನ ನಡುವೆ 10 ಮಿಲಿಮೀಟರ್ ಉದ್ದದ ಕಿಟಕಿ ಕೊರೆದು, ತಂತಿಯನ್ನು ಅದರ ಮೇಲೆ ನೆಟ್ಟಗೆ ಮಲಗಿಸಿ, ಎರಡೂ ತುದಿಗೆ ಎಪಾಕ್ಸಿ ಹಚ್ಚಿ ಒಂದು ರಾತ್ರಿ ಬಿಡಿ. (ಐದು ನಿಮಿಷದ ಎಪಾಕ್ಸಿ ಬೇಡ, ಬಿಸಿಗೆ ಮೆತ್ತಗಾಗುತ್ತದೆ.) ಕಾರ್ಡು ದವಡೆಯಲ್ಲಿ ಗಟ್ಟಿಯಾಗಿ ಕೂತ ಮೇಲಷ್ಟೇ ಕಿಟಕಿಯ ಎರಡು ಪಕ್ಕಗಳನ್ನು ಉಸಿರು ಬಿಗಿಹಿಡಿದು ಕತ್ತರಿಸಿ.

ವ್ಯಾಸವನ್ನು ಮೈಕ್ರೋಸ್ಕೋಪಿನಲ್ಲಿ ನಾಲ್ಕೈದು ಕಡೆ ಅಳೆಯಿರಿ. 50 ಮೈಕ್ರಾನ್ ಎಂದುಕೊಂಡದ್ದು 55 ಆಗಿದ್ದರೆ ಸ್ಟ್ರೆಸ್ (ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಬೀಳುವ ಬಲ) ಲೆಕ್ಕ ಶೇ. 21ರಷ್ಟು ಹೆಚ್ಚು ಬರುತ್ತದೆ. ಬಲ ಅಳೆಯುವ ಲೋಡ್ ಸೆಲ್ ಕೂಡ ಚಿಕ್ಕದಿರಲಿ: 50 ಮೈಕ್ರಾನ್ ತಂತಿಗೆ 100 ಮೆಗಾಪ್ಯಾಸ್ಕಲ್ ಅಂದರೆ ಬರೀ 0.2 ನ್ಯೂಟನ್.

ನಿಮಿಷಕ್ಕೆ 0.06 ಮಿಲಿಮೀಟರ್‌ನಂತೆ ಎಳೆಯಿರಿ. ಅವಸರ ಮಾಡಿದರೆ ರೂಪಾಂತರದ ಶಾಖ ಹೊರಹೋಗದೆ ತಂತಿ ಬಿಸಿಯಾಗಿ, ಸ್ಟ್ರೆಸ್ ಏರದೆ ತಂತಿ ಹಿಗ್ಗುವುದನ್ನು ತೋರಿಸುವ ಗ್ರಾಫಿನ ಸಮತಟ್ಟು ಭಾಗ ಮೇಲಕ್ಕೆ ಓರೆಯಾಗುತ್ತದೆ. ಎಸಿಯ ಗಾಳಿ ಅತ್ತ ಸುಳಿಯದಿರಲಿ. ನಿಟಿನಾಲ್‌ನಲ್ಲೇ ಉಷ್ಣತೆ ಒಂದು ಡಿಗ್ರಿ ಬದಲಾದರೆ ಸಮತಟ್ಟಿನ ಸ್ಟ್ರೆಸ್‌ನಲ್ಲಿ ಸುಮಾರು 6–7 ಮೆಗಾಪ್ಯಾಸ್ಕಲ್ ವ್ಯತ್ಯಾಸ.

ಗ್ರಾಫಿನಲ್ಲಿ ಸಮತಟ್ಟು ಕಂಡ ತಕ್ಷಣ ಕುಣಿಯುವವರೇ ಜಾಸ್ತಿ. ಎಪಾಕ್ಸಿಯೊಳಗೆ ತಂತಿ ಜಾರಿದರೂ ಅಂಥದ್ದೇ ಸಮತಟ್ಟು ಬರುತ್ತದೆ! ಲೋಡ್ ಇಳಿಸಿದಾಗ ಸ್ಟ್ರೇನ್ (ಹಿಗ್ಗಿದ ಪ್ರಮಾಣ) ಸೊನ್ನೆಗೆ ಬರದಿದ್ದರೆ, ಹಾಗೇ ಬಿಟ್ಟು ಇಪ್ಪತ್ತು ಮೂವತ್ತು ಡಿಗ್ರಿ ಬಿಸಿ ಮಾಡಿ. ಸಡಿಲವಾಗಿದ್ದ ತಂತಿ ಬಿಗಿದುಕೊಂಡರೆ ಒಳಗೆ ಮಾರ್ಟೆನ್ಸೈಟ್ ಉಳಿದಿತ್ತು, ಪರೀಕ್ಷೆಯ ಉಷ್ಣತೆ ಸಾಲದಾಗಿತ್ತು ಎಂದರ್ಥ. ಜೋಲುತ್ತಲೇ ಇದ್ದರೆ ತಂತಿ ಜಾರಿದೆ, ಇಲ್ಲವೇ ಶಾಶ್ವತವಾಗಿ ಹಿಗ್ಗಿದೆ. ಅಂಟಿನ ಅಂಚಿನಲ್ಲಿ ಮೊದಲೇ ಮಾರ್ಕರಿನ ಚುಕ್ಕೆ ಇಟ್ಟಿದ್ದರೆ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಅಯಸ್ಕಾಂತ. ಎಳೆದ ತಂತಿಯನ್ನು ಅದರಿಂದ ಮೊದಲಿನ ಉದ್ದಕ್ಕೆ ಹಿಂದಿರುಗಿಸುವ ಆಟ ಬೇರೆಯೇ, ತಂತಿ ತಣ್ಣಗೆ ಮಾರ್ಟೆನ್ಸೈಟ್ ಸ್ಥಿತಿಯಲ್ಲೇ ಇರಬೇಕು. ಹರಳಿನ ಗಿಡ್ಡ ಅಕ್ಷ ಕಾಂತಕ್ಷೇತ್ರದ ಕಡೆಗೆ ತಿರುಗುವುದರಿಂದ, ಎಳೆಯುವ ಪರೀಕ್ಷೆಗೆ ಕ್ಷೇತ್ರವನ್ನು ತಂತಿಯ ಉದ್ದಕ್ಕೇ ಕೊಡಿ. ಅಡ್ಡ ಕೊಡುವುದು ಒತ್ತುವ ಪರೀಕ್ಷೆಗೆ. ಕ್ಷೇತ್ರದ ತಾಕತ್ತು ಎರಡು ಮೂರು ಮೆಗಾಪ್ಯಾಸ್ಕಲ್ ಮಾತ್ರ. ಸಣ್ಣ ಹರಳುಗಳು ಕಿಕ್ಕಿರಿದ ತಂತಿಯಲ್ಲಿ ಇದನ್ನು ಹುಡುಕಿ ದಿನ ಕಳೆಯಬೇಡಿ.