ಫುಟ್‌ಬಾಲ್ ಹುಡುಗರಿಂದಲೇ ಬೇಸ್‌ಬಾಲ್ ಟೀಮ್: ನನ್ನ ಅನುಭವ

'ಎರಡೂ ಕೆಡ್ತಾವ್ರೀ ಸರ, ಒಂದ ಹಿಡೀರಿ.' ಫುಟ್‌ಬಾಲ್ ಟೀಮನ್ನೇ ಬೇಸ್‌ಬಾಲ್‌ಗೂ ಇಳಿಸುತ್ತೇನೆ ಅಂದಾಗ ಜೊತೆಯ ಪಿ.ಡಿ.ಗಳು (ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು) ಹೇಳಿದ್ದು ಇಷ್ಟೇ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಕಾಲೇಜಿನಲ್ಲಿ ಪಿ.ಡಿ. ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಇಲ್ಲಿ ಫುಟ್‌ಬಾಲ್ ಹುಡುಗರಿಗೆ ಬರವಿಲ್ಲ. ಕ್ಯಾಂಪ್ (ಮಿಲಿಟರಿ ದಂಡು ಪ್ರದೇಶ) ಕಡೆಯವರು ಬರಿಗಾಲಲ್ಲೂ ಆಡುತ್ತಿದ್ದರು. ಬೇಸ್‌ಬಾಲ್ ಹಾಗಲ್ಲ. ಯೂನಿವರ್ಸಿಟಿ ಆಟಗಳ ಪಟ್ಟಿಯಲ್ಲಿದೆ ಅಂತ ಟೀಮ್ ಕಳಿಸುತ್ತಿದ್ದೆವು, ಸೋತು ಬರುತ್ತಿದ್ದೆವು. ಸಾಫ್ಟ್‌ಬಾಲ್ ಆಡಿದವರು ನಾಲ್ಕು ಜನ, ಉಳಿದವರೆಲ್ಲ ಕ್ರಿಕೆಟ್ ಟೀಮಿನಲ್ಲಿ ಜಾಗ ಸಿಗದವರು.

ಎಲ್ಲರ ಹಾಗೆ ನಾನೂ ಫಾಸ್ಟ್ ಬೌಲರ್‌ಗಳನ್ನೇ ಪಿಚರ್ (ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು) ಮಾಡಲು ಹೋದೆ. ಓಡಿ ಬರುವುದನ್ನು ನಿಲ್ಲಿಸಿದರೆ ಅವರ ಅರ್ಧ ವೇಗ ಹೋಗುತ್ತದೆ. ಮೊಣಕೈ ಮಡಚಿ ಎಸೆ ಅಂದರೆ ತಪ್ಪು ಮಾಡಿಸುತ್ತಿದ್ದಾರೆ ಅನ್ನುವಂತೆ ಮುಖ ನೋಡುತ್ತಿದ್ದರು. ಬೇಸ್‌ಬಾಲ್ ಕ್ರಿಕೆಟ್ ಚೆಂಡಿಗಿಂತ ಹತ್ತು ಹದಿನೈದು ಗ್ರಾಂ ಹಗುರ, ಹಾಗಾಗಿ ಎಸೆತ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ತಲೆ ಮೇಲೆ ಹಾರುತ್ತಿತ್ತು. ಬ್ಯಾಟ್ಸ್‌ಮನ್‌ಗಳ ಕಥೆ ಇನ್ನೂ ಚೆಂದ. ಒಬ್ಬ ಹೊಡೆದು, ಓಡುವ ಬದಲು ನಿಂತು ನೋಡುತ್ತಿದ್ದ. ಇನ್ನೊಬ್ಬ ಬ್ಯಾಟ್ ಬಿಸಾಡದೆ, ಹಿಡಿದುಕೊಂಡೇ ಫಸ್ಟ್ ಬೇಸಿಗೆ (ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ) ಓಡುತ್ತಿದ್ದ. ಮೂರ್ನಾಲ್ಕು ಸೀಸನ್ ಹೀಗೇ ಹೋದವು.

2008ರಲ್ಲಿ ರಿಂಕು ಸಿಂಗ್ (ಕ್ರಿಕೆಟ್‌ನವನಲ್ಲ), ದಿನೇಶ್ ಪಟೇಲ್ ಅಮೆರಿಕದ ಬೇಸ್‌ಬಾಲ್ ಟೀಮ್ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸೇರಿದ ಸುದ್ದಿ ಬಂತಲ್ಲ, ಇಬ್ಬರೂ ಜಾವೆಲಿನ್ ಹುಡುಗರು. ನಾನೂ ಜಾವೆಲಿನ್ ಎಸೆಯುವವರನ್ನು ಹುಡುಕಿದೆ. ವೇಗ ಬಂತು, ದಿಕ್ಕು ಬರಲಿಲ್ಲ. ಒಂದು ಇನಿಂಗ್ಸ್‌ನಲ್ಲಿ ಏಳೆಂಟು ವಾಕ್ (ಎಸೆತ ಪದೇ ಪದೇ ತಪ್ಪಿ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೊಟ್ಟರೆ ವೇಗ ಇಟ್ಟುಕೊಂಡು ಏನು ಮಾಡೋದು?

ಕೊನೆಗೆ ಪಿಚರ್ ಸಿಕ್ಕಿದ್ದು ಫುಟ್‌ಬಾಲ್ ಬೆಂಚಿನಲ್ಲಿ. ಆಡಲು ಅವಕಾಶವೇ ಸಿಗದ ಎರಡನೇ ಗೋಲ್‌ಕೀಪರ್. ಕೀಪರ್ ನಿಂತಲ್ಲಿಂದಲೇ ಒಂದು ಹೆಜ್ಜೆ ಇಟ್ಟು, ತಲೆ ಮೇಲಿಂದ ಕೈ ಬೀಸಿ, ಓಡುತ್ತಿರುವ ವಿಂಗರ್ ಕಾಲಿಗೆ ಸರಿಯಾಗಿ ಚೆಂಡು ಎಸೆಯುತ್ತಾನೆ. ನನಗೆ ಬೇಕಿದ್ದದ್ದೂ ಅದೇ. ಪಿಚರ್ ಎಸೆಯಬೇಕಾದ 18.44 ಮೀಟರ್ ದೂರ ಅವನಿಗೆ ಏನೂ ಅಲ್ಲ. ಅವನ ಹಿಡಿತವನ್ನು ಹೇಗೆ ಬದಲಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೂ ಕೆಲವು ಶಿಷ್ಯರು ಆಡುತ್ತಿದ್ದಾರೆ!

ನಿಜವಾದ ಲಾಭ ಆದದ್ದು ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ ಮೈದಾನ ಹೇಗಿರುತ್ತದೆ ಗೊತ್ತಲ್ಲ. ಬೇರೆಯವರು ಬೇಸ್‌ಬಾಲ್ ಕಿಟ್ ಕಟ್ಟಿಡುವ ಕಾಲ ಅದು. ನಾನು ಫುಟ್‌ಬಾಲ್ ಪ್ರಾಕ್ಟೀಸ್ ಮುಗಿದ ಮೇಲೆ ಅದೇ ಕೆಸರಿನಲ್ಲಿ ಬೇಸ್ ಇಟ್ಟು ಸ್ಲೈಡ್ (ಓಡಿ ಬಂದು ನೆಲದ ಮೇಲೆ ಜಾರಿ ಬೇಸ್ ಮುಟ್ಟುವುದು) ಮಾಡಿಸಿದೆ. ಒಣ ನೆಲದಲ್ಲಿ ಕಲಿಸಿದರೆ ತೊಡೆ ಸಿಪ್ಪೆ ಸುಲಿದು, ಹುಡುಗ ಮರುದಿನ ಬರುವುದೇ ಇಲ್ಲ. ಸ್ಲೈಡಿಂಗ್ ಟ್ಯಾಕಲ್ ಮೊದಲೇ ಬರುತ್ತಿದ್ದ ಡಿಫೆಂಡರ್‌ಗಳಿಗೆ ಕಲಿಸುವ ಕೆಲಸವೇ ಇರಲಿಲ್ಲ. ಕಾಲು ಯಾವ ಕಡೆ ಮಡಚಬೇಕು ಅಂತ ತಿದ್ದಿದರೆ ಸಾಕಿತ್ತು. ವಿಂಗರ್‌ಗಳಿಗೆ ಎದುರಾಳಿಯ ಭುಜ ನೋಡಿ ಹೊರಡುವ ಅಭ್ಯಾಸ ಮೊದಲೇ ಇದೆ. ಪಿಚರ್ ಭುಜ ನೋಡು ಅಂದೆ, ಬೇಸ್ ಸ್ಟೀಲ್ ಮಾಡಲು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ಕದಿಯಲು, ಶುರು ಮಾಡಿದರು.

ದುಡ್ಡಿನದ್ದೇ ತಲೆನೋವು. ಲೆದರ್ ಚೆಂಡು ಒದ್ದೆ ಹುಲ್ಲಿನಲ್ಲಿ ಎರಡು ದಿನಕ್ಕೆ ಹೊಲಿಗೆ ಬಿಡುತ್ತಿತ್ತು. ಮಳೆಗಾಲಕ್ಕೆ ರಬ್ಬರ್ ಚೆಂಡು ತಂದೆ. ಮೀರತ್‌ನಿಂದ ತರಿಸಿದ ಗ್ಲೌಸ್ ಒಂದಕ್ಕೆ ಸಾವಿರದ ಐನೂರರ ಹತ್ತಿರ, ಕ್ಯಾಚರ್ ಸೆಟ್‌ಗೆ ಎಂಟೋ ಒಂಬತ್ತೋ ಸಾವಿರ. ಎಡಗೈಯವನಿಗೆ ಗ್ಲೌಸ್ ಸಿಗಲು ಆರು ತಿಂಗಳು ಕಾದೆವು. ಮೈದಾನದಲ್ಲಿ ಮಣ್ಣಿನ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಹಾಕಲು ಕ್ರಿಕೆಟ್‌ನವರು ಬಿಡಲಿಲ್ಲ. ಪ್ಲೈವುಡ್‌ನಲ್ಲಿ ಎತ್ತಿಡುವ ಮೌಂಡ್ ಮಾಡಿಸಿದೆ, ಮೊದಲ ಮಳೆಗೇ ಉಬ್ಬಿ ಬಿರುಕು ಬಿಟ್ಟಿತು. ಎರಡನೆಯದಕ್ಕೆ ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಕಬ್ಬಿಣದ ಫ್ರೇಮ್ ವೆಲ್ಡ್ ಮಾಡಿಸಿದೆ. ಎತ್ತರ ಹತ್ತು ಇಂಚು, ಇಳಿಜಾರು ಅಡಿಗೆ ಒಂದು ಇಂಚು. ಸುಮಾರು ಹನ್ನೆರಡು ಸಾವಿರ ಆಯ್ತು. 'ದಿಬ್ಬಕ್ಕೆಲ್ಲ ಬಿಲ್ ಕೊಡೋಕಾಗಲ್ಲ' ಅಂತ ಲೆಕ್ಕ ನೋಡುವವರು ವಾಪಸ್ ಕಳಿಸಿದರು. ಅರ್ಧ ನನ್ನ ಜೇಬಿನದು.

ನಡುವೆ ಒಂದು ಹುಚ್ಚು ಪ್ರಯೋಗ. ಸೋಡಾ ಬಾಟಲಿ ಮುಚ್ಚಳಗಳನ್ನು ಬೀಸಿ ಎಸೆದು, ಪೊರಕೆ ಕೋಲಿನಿಂದ ಹೊಡೆಸಿದೆ. ಮುಚ್ಚಳ ಗಾಳಿಯಲ್ಲಿ ಹೇಗೆ ಬೇಕೋ ಹಾಗೆ ತಿರುಗುತ್ತದೆ. ಚಿನ್ನಿದಾಂಡು ಆಡಿ ಬೆಳೆದ ಹಳ್ಳಿ ಹುಡುಗರು ಮೊದಲ ದಿನವೇ ಹೊಡೆದರು, ಸಿಟಿಯವರಿಗೆ ಎರಡು ವಾರ ಹಿಡಿಯಿತು. ಖರ್ಚು ಸೊನ್ನೆ. ಹಾಸ್ಟೆಲ್ ಹುಡುಗರಿಗೆ ಸಂಜೆ ಇದೇ ಚಟ ಆಯ್ತು.

ಸೆಮಿಸ್ಟರ್ ಬಂದ ಮೇಲೆ ಎರಡೂ ಟೂರ್ನಮೆಂಟ್ ಒಂದೇ ವಾರ ಬೀಳತೊಡಗಿದವು. ಒಮ್ಮೆ ಬೆಳಗ್ಗೆ ಫುಟ್‌ಬಾಲ್ ಆಡಿಸಿ, ಸಂಜೆ ಬಸ್ ಹತ್ತಿಸಿ, ಮರುದಿನ ಬೇಸ್‌ಬಾಲ್ ಆಡಿಸಿದ್ದೇನೆ. ಜೊತೆಯ ಪಿ.ಡಿ.ಗಳು ಬೈದರು. ಶಿಕಾಗೋ ಯೂನಿವರ್ಸಿಟಿಯಲ್ಲಿ 1892ರಿಂದ 1932ರವರೆಗೆ ಅಮೆರಿಕನ್ ಫುಟ್‌ಬಾಲ್ ಟೀಮ್ ನಡೆಸಿದ ಕೋಚ್ ಅಮೋಸ್ ಅಲೊಂಜೊ ಸ್ಟ್ಯಾಗ್ ಹಲವು ವರ್ಷ ಬೇಸ್‌ಬಾಲ್ ಟೀಮನ್ನೂ ನೋಡಿಕೊಂಡರು ಅಂತ ಹೇಳಿದೆ. 'ಅದು ಅಮೆರಿಕ ಸರ' ಅಂದರು.

2014ರ ಆಸುಪಾಸಿನಲ್ಲಿ ಅಂತರ ಕಾಲೇಜು ಬೇಸ್‌ಬಾಲ್ ಫೈನಲ್ ಗೆದ್ದೆವು. ಆ ಪಂದ್ಯದಲ್ಲಿ ಹತ್ತಕ್ಕೂ ಜಾಸ್ತಿ ಬೇಸ್ ಕದ್ದೆವು. ಎದುರಿನ ಕ್ಯಾಚರ್ ಕೊನೆಗೆ ಎಸೆಯುವುದನ್ನೇ ಬಿಟ್ಟ. ಅದೇ ವರ್ಷ ಫುಟ್‌ಬಾಲ್‌ನಲ್ಲಿ ಸೆಮಿಫೈನಲ್‌ವರೆಗೂ ಹೋದೆವು. ಎರಡೂ ಕೆಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಬೇಸ್‌ಬಾಲ್‌ನಲ್ಲೇ ಐದಾರು ಜನ ಯೂನಿವರ್ಸಿಟಿ ಬ್ಲೂ (ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾದವರು) ಆದರು. ಅದರಲ್ಲಿ ಕ್ರಿಕೆಟ್‌ನಿಂದ ಬಂದವನು ಒಬ್ಬನೇ.

ನಿವೃತ್ತಿಯಾದ ಮೇಲೂ ಆ ಕಬ್ಬಿಣದ ಮೌಂಡ್ ಕಾಲೇಜಿನಲ್ಲೇ ಇದೆ. ಅಳತೆ ಬೇಕಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಮಾಡಿಸುವಾಗ ಹಿಂದಿನ ಎರಡು ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಇಲ್ಲದಿದ್ದರೆ ಎಸೆದಾಗಲೆಲ್ಲ ಜಾರುತ್ತದೆ. ಥರ್ಡ್ ಬೇಸ್ ಹತ್ತಿರ ನಿಂತು ನಾನು ಕೊಡುತ್ತಿದ್ದ ಸಿಗ್ನಲ್ ಮಾತ್ರ ಕೇಳಬೇಡಿ.