ಏಪ್ರಿಲ್ ಎರಡನೇ ವಾರದ ಕ್ಯೋಟೊ: ಟ್ರೈಪಾಡ್ ಬಿಟ್ಟು ಸಕುರಾ ಫೋಟೊ ತೆಗೆದ ನನ್ನ ಅನುಭವ

ಜಪಾನಿನ ಕ್ಯೋಟೊದ ಸಕುರಾ (ಚೆರ್ರಿ ಹೂ) ಅಂದರೆ ಮಾರ್ಚ್ ಕೊನೆಯ ವಾರ, ಬಿಟ್ಟರೆ ಏಪ್ರಿಲ್ ಮೊದಲ ನಾಲ್ಕು ದಿನ, ಆಮೇಲೆ ಬರೀ ಎಲೆ ಅನ್ನುವುದು ನಮ್ಮ ಫೋಟೊ ಬಳಗದ ಗಟ್ಟಿ ನಂಬಿಕೆ. ನನ್ನ ಯೋಜನೆ ಬೇರೆ ಇತ್ತು: ಏಪ್ರಿಲ್ 6ರಿಂದ 14ರ ಆಸುಪಾಸು, ಟ್ರೈಪಾಡ್ ಇಲ್ಲ, ವಾಸ ಕ್ಯೋಟೊದಲ್ಲಲ್ಲ, ಪಕ್ಕದ ಊರು ಓತ್ಸುವಿನಲ್ಲಿ. ಮೂರಕ್ಕೂ ತಲೆ ಅಲ್ಲಾಡಿಸಿದವರೇ ಜಾಸ್ತಿ. ಎ3 ಪ್ರಿಂಟುಗಳು ಕೈಗೆ ಬಂದ ಮೇಲೆ ಅದೇ ಜನ ಸೆಟ್ಟಿಂಗ್ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ಟಿವಿಯಲ್ಲಿ, ಆ್ಯಪ್‌ಗಳಲ್ಲಿ ಬರುವ ಹೂ ಅರಳುವ ಮುನ್ಸೂಚನೆ ಸೊಮೇಯಿ ಯೊಶಿನೊ ತಳಿಯದ್ದು. ಅದು ಕಸಿ ಕಟ್ಟಿ ಬೆಳೆಸಿದ ಒಂದೇ ಮರದ ಪ್ರತಿಗಳು, ಹಾಗಾಗಿ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಮಾದರಿ ಮರದಲ್ಲಿ ಐದಾರು ಹೂ ಬಿಟ್ಟರೆ ‘ಅರಳಿತು’, ನೂರಕ್ಕೆ ಎಂಬತ್ತು ಬಿಟ್ಟರೆ ‘ಪೂರ್ತಿ ಅರಳಿತು’ ಅನ್ನುತ್ತಾರೆ. ಜೋತುಬೀಳುವ ಕೆಂಪು ತಳಿ ಬೆನಿ ಶಿದಾರೆ ಅದರ ಹಿಂದೆಯೇ ಬರುತ್ತದೆ, ನಿನ್ನಾಜಿ ದೇಗುಲದ ಓಮುರೊ ಸಕುರಾ ಎಲ್ಲಕ್ಕಿಂತ ತಡ. ಎರಡನೇ ವಾರಕ್ಕೆ ಹೋದರೆ ಒಂದರ ಕೊನೆ, ಇನ್ನೊಂದರ ನಡು, ಮತ್ತೊಂದರ ಆರಂಭ ಸಿಗುತ್ತದೆ. ವರ್ಷ ತಡವಾದರೆ ಸೊಮೇಯಿ ಕೂಡ ಪೂರ್ತಿ ಸಿಕ್ಕೀತು. ಕೈಕೊಡುವುದು 2021ರಂಥ ವರ್ಷ. ಆಗ ಕ್ಯೋಟೊದಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿತ್ತು, ಅಲ್ಲಿಯವರೆಗಿನ ಸುಮಾರು 1200 ವರ್ಷಗಳ ದಾಖಲೆಯಲ್ಲೇ ಅದು ಬೇಗ. ಅಂಥ ವರ್ಷಕ್ಕೆ ನಾರಾ ಪ್ರಾಂತ್ಯದ ಯೊಶಿನೊ ಬೆಟ್ಟವನ್ನು ಕಾಯ್ದಿರಿಸಬೇಕು.

ದುಡ್ಡಿನ ಮಾತು. ಸಕುರಾ ವಾರದಲ್ಲಿ ಕ್ಯೋಟೊ ಹೋಟೆಲ್ ದರ ಎರಡು-ಮೂರು ಪಟ್ಟು ಏರುತ್ತದೆ. ಓತ್ಸು ಜೆಆರ್ (ಜಪಾನ್ ರೈಲ್ವೆ) ರೈಲಿನಲ್ಲಿ ಹತ್ತೇ ನಿಮಿಷ, ಸುಮಾರು 200 ಯೆನ್. ಕೋಣೆ ದರದಲ್ಲಿ ಉಳಿದ ದುಡ್ಡು ಲೆನ್ಸ್ ಬಾಡಿಗೆಗೆ ಸಾಕಾಯಿತು. ದೇಶವೆಲ್ಲ ಸುತ್ತಲು ಕೊಡುವ ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650ರಿಂದ 50,000 ಯೆನ್‌ಗೆ ಹಾರಿತು. ಕ್ಯೋಟೊ ಸುತ್ತಲೇ ತಿರುಗುವವರಿಗೆ ಅದು ದಂಡ. ದುಡ್ಡು ತುಂಬಿಸಿ ರೈಲು-ಬಸ್ಸಿನಲ್ಲಿ ತಾಗಿಸುವ ಐಸಿ ಕಾರ್ಡ್ ಇಟ್ಟುಕೊಳ್ಳಿ. ಬಸ್ಸಿಗೆ 230 ಯೆನ್, ಆದರೆ ಹತ್ತು ಗಂಟೆಯ ಮೇಲೆ ಬಸ್ ನಂಬಬಾರದು, ರಾಂದೆನ್ ಟ್ರಾಮ್, ಸಬ್‌ವೇ ವಾಸಿ. ದೇಗುಲಗಳ ಟಿಕೆಟ್ ತಲಾ 500–600 ಯೆನ್ ಇದ್ದರೂ ದಿನಕ್ಕೆ ನಾಲ್ಕಾದರೆ ಕಚ್ಚುತ್ತದೆ. ದೈಗೋಜಿಯಲ್ಲಿ ವಸಂತಕಾಲದ ದರ 1,500. ಜಪಾನನ್ನು ಆಳಿದ ಹಿದೆಯೊಶಿ 1598ರಲ್ಲಿ ಹೂ ನೋಡುವ ಔತಣ ಇಟ್ಟ ಜಾಗ, 951ರ ಗೋಪುರವೂ ಇದೆ, ಆದರೂ ಅರ್ಧ ದಿನ ಕೊಡಲಾಗದಿದ್ದರೆ ಬಿಟ್ಟುಬಿಡಿ.

ಟ್ರೈಪಾಡ್ ಯಾಕೆ ಬೇಡ ಅಂದರೆ ಕಿಯೊಮಿಝುದೆರಾ ದೇಗುಲ ಸೇರಿ ಹೆಚ್ಚಿನ ಕಡೆ ನಿಷೇಧ, ಮೊನೊಪಾಡ್‌ಗೂ ಬೈಗುಳ. ಎರಡು ಕೆಜಿ ಹೊತ್ತು ಲಾಕರಿನಲ್ಲಿಡಲು ದಿನಕ್ಕೆ ಐನೂರು ಯೆನ್ ಕೊಡುವುದರಲ್ಲಿ ಅರ್ಥವಿಲ್ಲ. ಒಂದು 24–105 ಎಂಎಂ ಲೆನ್ಸ್, ಒಂದು 70–200 ಎಫ್ 4, ಪ್ರತಿಫಲನ ತಗ್ಗಿಸುವ ಪೋಲರೈಸರ್, ಬೆಳಕು ತಗ್ಗಿಸುವ ಆರು ಸ್ಟಾಪ್ ಎನ್‌ಡಿ ಫಿಲ್ಟರ್, ಇಷ್ಟೇ. ಜೊತೆಗೆ ಕಳಚಿದ ಚಪ್ಪಲಿ ಇಟ್ಟುಕೊಳ್ಳಲು ಬಟ್ಟೆ ಚೀಲ, ದಪ್ಪ ಕಾಲುಚೀಲ. ಮರದ ಜಗಲಿಗಳು ಬೆಳಗ್ಗೆ ಮಂಜುಗಡ್ಡೆ.

ನಿನ್ನಾಜಿಗೆ ಎಲ್ಲರೂ ಬೆಳಗ್ಗೆಯೇ ನುಗ್ಗುತ್ತಾರೆ, ಅಲ್ಲೇ ಕೆಡುವುದು. ನಡುಬಾಗಿಲು ದಾಟಿದರೆ ಹೂತೋಪು ಎಡಕ್ಕೆ ಅಂದರೆ ಪಶ್ಚಿಮಕ್ಕೆ, 1644ರ ಐದಂತಸ್ತಿನ ಗೋಪುರ ಪೂರ್ವಕ್ಕೆ. ಬೆಳಗ್ಗೆ ಗೋಪುರ ಬರೀ ಕಪ್ಪು ನೆರಳು. ಮೂರು ಗಂಟೆಯ ಮೇಲೆ ಬೆಳಕು ನಿಮ್ಮ ಬೆನ್ನಿಗೆ ಬರುತ್ತದೆ, ಗೋಪುರದ ಮರದ ಬಣ್ಣ ಎದ್ದು ಕಾಣುತ್ತದೆ. ಓಮುರೊ ಮರಗಳು ಎರಡು-ಮೂರು ಮೀಟರ್ ಅಷ್ಟೇ, ಹೂ ಕಣ್ಣಿನ ಎತ್ತರಕ್ಕೇ ಇರುತ್ತದೆ. ಹಾಗಾಗಿ ತೋಪಿನ ಪಶ್ಚಿಮ ಅಂಚಿಗೆ ಸರಿದು 135–200 ಎಂಎಂ ಜೂಮಿನಲ್ಲಿ ಎಳೆದರೆ 36 ಮೀಟರ್ ಗೋಪುರ ಹೂವಿನ ಮೇಲೆ ತೇಲಿದಂತೆ ಬರುತ್ತದೆ, ಜನರ ತಲೆ ಹೂವಿನ ಹಿಂದೆ ಮುಚ್ಚಿಹೋಗುತ್ತದೆ. ಅಪರ್ಚರ್ ಎಫ್ 11. ಎಫ್ 4ರಲ್ಲಿ ಗೋಪುರ ಕರಗಿ ಯಾವ ಊರಿನದ್ದೋ ಆಗುತ್ತದೆ.

ಎಕ್ಸ್‌ಪೋಷರಿನಲ್ಲೇ ಹೆಚ್ಚು ಫ್ರೇಮು ಹಾಳಾಗುವುದು. ಮೋಡದ ಆಕಾಶ, ಬಿಳಿ ಹೂ ಫ್ರೇಮು ತುಂಬಿದರೆ ಕ್ಯಾಮೆರಾದ ಬೆಳಕಿನ ಮೀಟರ್ ಬೂದಿ ಬಳಿಯುತ್ತದೆ, ಬೆಳಕನ್ನು ಪ್ಲಸ್ ಒಂದು ಸ್ಟಾಪ್ ಹಾಕಿ. ಹಿಂದೆ ಕಪ್ಪು ಮರ ಅಥವಾ ಸೀಡರ್ ಕಾಡು ಬಂದರೆ ತಿರುಗುಮುರುಗು, ಹೂ ಸುಟ್ಟುಹೋಗುತ್ತದೆ, ಮೈನಸ್ ಮೂರನೇ ಎರಡು. ಬೆನಿ ಶಿದಾರೆಯಲ್ಲಿ ಬೆಳಕಿನ ಹಂಚಿಕೆ ತೋರುವ ಮಾಮೂಲಿ ಹಿಸ್ಟೋಗ್ರಾಮ್ ಸುಳ್ಳು ಹೇಳುತ್ತದೆ, ಮೊದಲು ಒಡೆಯುವುದು ಕೆಂಪು ಚಾನೆಲ್. ಮೂರೂ ಬಣ್ಣದ ಹಿಸ್ಟೋಗ್ರಾಮ್ ನೋಡದೆ ಹೇಯಾನ್ ಜಿಂಗು ಗುಡಿಯ ತೋಟದಲ್ಲಿ ಒಂದು ಗಂಟೆ ತೆಗೆದದ್ದೆಲ್ಲ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಆದೀತು. ಅಲ್ಲಿ ಕೊಂಬೆಗಳಿಗೆ ಬಿದಿರಿನ ಚಪ್ಪರ ಆಧಾರ ಕೊಟ್ಟಿರುತ್ತಾರೆ. ಕೂತು ಮೇಲಕ್ಕೆ ತೆಗೆದರೆ ಬಿದಿರೇ ಬಿದಿರು, ಕೊಳದ ದಡದಿಂದ ಅಡ್ಡಕ್ಕೆ ತೆಗೆಯಿರಿ. ತೋಟದ ಬಾಗಿಲು ತೆರೆಯುವುದು 8:30ಕ್ಕೆ.

ರ‍್ಯೋವಾನ್‌ಜಿ ದೇಗುಲದ ಕಲ್ಲುತೋಟ ಎಂಟಕ್ಕೆ ತೆರೆಯುತ್ತದೆ. ಅಗಲ ಲೆನ್ಸಿನಲ್ಲಿ ಹದಿನೈದು ಕಲ್ಲನ್ನೂ ಹಿಡಿಯಲು ಹೋದರೆ ಪಕ್ಕದವರ ಮೊಣಕಾಲು ಬರುತ್ತದೆ. 70ರಲ್ಲಿ ಗೋಡೆ, ಅದರಾಚೆ ಜೋತ ಸಕುರಾ, ಎರಡು ಕಲ್ಲು ಸಾಕು. ಮೋಡವಿದ್ದರೆ ಮಾತ್ರ ಹೋಗಿ, ಬಿಸಿಲಲ್ಲಿ ಜಲ್ಲಿ ಕಣ್ಣು ಕುಕ್ಕುತ್ತದೆ. ತೆನ್‌ರ‍್ಯೂಜಿ ದೇಗುಲದ ಕೊಳದಲ್ಲಿ ಪೋಲರೈಸರ್ ಪೂರ್ತಿ ತಿರುಗಿಸಿದರೆ ಪ್ರತಿಬಿಂಬವೇ ಮಾಯ, ಅರ್ಧಕ್ಕೆ ನಿಲ್ಲಿಸಿ. ಮಳೆ ಬಂದರೆ ಹೋಟೆಲಿಗೆ ಓಡಬೇಡಿ, ನೆನೆದ ತೊಗಟೆ ಕಪ್ಪಾಗಿ ಹೂ ಎದ್ದು ಕಾಣುವುದು ಆಗಲೇ.

ಕತ್ತಲಾದ ಮೇಲೆ ತೋಜಿ ದೇಗುಲ. 55 ಮೀಟರಿನ ಗೋಪುರ, ಕೆಳಗೆ ದೀಪ ಹಾಕಿದ ಜೋತ ಸಕುರಾ. ಐಎಸ್‌ಒ 6400, ಎಫ್ 4, ಸೆಕೆಂಡಿನ 1/30, ಕ್ಯಾಮೆರಾ ಬಾಡಿಯಲ್ಲಿ ಅಲುಗಾಟ ತಡೆಯುವ ಸ್ಟೆಬಿಲೈಸರ್ ಇದ್ದರೆ ಕೈಯಲ್ಲೇ ನಿಲ್ಲುತ್ತದೆ. ಸೈಲೆಂಟ್ ಶಟರ್ ಬೇಡ, ಎಲ್‌ಇಡಿ ಬೆಳಕಿಗೆ ಪಟ್ಟೆ ಬೀಳುತ್ತದೆ. ವೈಟ್ ಬ್ಯಾಲೆನ್ಸ್ ಆಟೊ ಬಿಟ್ಟು 4000 ಕೆಲ್ವಿನ್ ಹತ್ತಿರ ಕೂರಿಸಿ. ಆಮೇಲೆ ರಾ ಫೈಲಿನಲ್ಲಿ ಗುಲಾಬಿಯನ್ನು ಹಿಂದಕ್ಕೆ ತರುವ ಕರ್ವ್ ಒಂದಿದೆ, ಅದು ನನ್ನಲ್ಲೇ ಇರಲಿ. ಬೆಳಗ್ಗೆ ಏಳಕ್ಕೆ ಯಾರೂ ಇರದ ಪಾಚಿ ಅಂಗಳದ ಸಣ್ಣ ದೇಗುಲದ ಹೆಸರೂ ಹಾಗೆಯೇ.

ಒಂದು ಅಡ್ಡ ಪ್ರಯೋಗ. ಕ್ಯೋಟೊದ ‘ತತ್ವಜ್ಞಾನಿಗಳ ದಾರಿ’ ಎಂಬ ಕಾಲುಹಾದಿಯ ಕಾಲುವೆಯಲ್ಲಿ ಉದುರಿದ ದಳಗಳು ತೆಪ್ಪದಂತೆ ತೇಲುತ್ತವೆ. ಸೂರ್ಯ 5:30ರ ಸುಮಾರಿಗೆ ಹುಟ್ಟುತ್ತಾನೆ, ಅಲ್ಲಿ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ. ಎನ್‌ಡಿ ಹಾಕಿ, ಕ್ಯಾಮೆರಾವನ್ನು ಸೇತುವೆಯ ಕಟ್ಟೆಯ ಮೇಲೆ ಮಡಿಸಿದ ಜಾಕೆಟ್‌ಗೆ ಒತ್ತಿ ಎಂಟರಿಂದ ಹದಿನೈದು ಸೆಕೆಂಡು ತೆರೆದರೆ ದಳಗಳು ಸುಳಿಯ ಗೆರೆಗಳಾಗುತ್ತವೆ. ನೀರು ಜೋರಾಗಿದ್ದರೆ ಬರೀ ಬಿಳಿ ಮಬ್ಬು, ಪೂರ್ತಿ ನಿಂತಿದ್ದರೆ ಏನೂ ಇಲ್ಲ. ಹತ್ತರಲ್ಲಿ ಎರಡು ಕೂರಬಹುದು. ಗಾಳಿಗೆ ಉದುರುವ ದಳಕ್ಕೆ 1/500 ಇಟ್ಟರೆ ಚುಕ್ಕೆ, 1/100ರಲ್ಲಿ ಗೆರೆ, ಎರಡಕ್ಕೂ ಹಿಂದೆ ಕತ್ತಲು ಬೇಕು.

ಕ್ಯೋಟೊದಲ್ಲಿ ಹೂ ಖಾಲಿಯಾದರೆ ಯೊಶಿನೊ. ಕಿನ್ತೆತ್ಸು ರೈಲು, ಕಾಶಿಹಾರಾ ಜಿಂಗುಮಾಯೆಯಲ್ಲಿ ಬದಲಿಸಿ ಸುಮಾರು ಎರಡು ಗಂಟೆ. ಸುಮಾರು 30,000 ಮರ, ಹೂ ಬುಡದ ಶಿಮೊ ಸೆನ್‌ಬೊನ್‌ನಿಂದ ತುದಿಯ ಓಕು ಸೆನ್‌ಬೊನ್‌ವರೆಗೆ ಹತ್ತುತ್ತಾ ಹೋಗುತ್ತದೆ. ಬುಡ ಹಸಿರಾಗಿದ್ದರೆ ಕಿನ್‌ಪುಸೆನ್‌ಜಿಯಲ್ಲಿ ನಿಲ್ಲದೆ ನೇರ ಮೇಲಕ್ಕೆ ನಡೆಯಿರಿ, ಗುಡಿ ಇಳಿಯುವಾಗ ನೋಡಿದರಾಯಿತು. ಕೊನೆಯ ರೈಲಿನ ಹೊತ್ತನ್ನು ಹತ್ತುವ ಮೊದಲೇ ಬರೆದುಕೊಳ್ಳಿ.