ಟಿವಿಗೆ ಬರಬೇಕು ಅನ್ನುವ ಹುಡುಗಿಯರಿಗೆ: ನ್ಯೂಸ್ ಡೆಸ್ಕ್‌ನಿಂದ ಸೀರಿಯಲ್ ಸೆಟ್‌ವರೆಗೆ

ಮಂಡ್ಯದ ಹತ್ತಿರದ ಹಳ್ಳಿಯಿಂದ ಬೆಂಗಳೂರಿಗೆ ಬಂದು ಒಂಬತ್ತು ವರ್ಷ ನ್ಯೂಸ್ ಓದಿದೆ. ಈಗ ಸೀರಿಯಲ್‌ಗಳಲ್ಲಿ ಅತ್ತೆ, ಚಿಕ್ಕಮ್ಮ, ಲಾಯರ್ ಪಾತ್ರ ಮಾಡುತ್ತೇನೆ. ಊರಿಗೆ ಹೋದಾಗೆಲ್ಲ ಯಾರಾದರೂ ಒಬ್ಬ ಹುಡುಗಿ ಬಂದು ‘ಅಕ್ಕಾ, ನಾನೂ ಟಿವಿಗೆ ಬರಬೇಕು, ಏನ್ ಮಾಡ್ಲಿ?’ ಅಂತ ಕೇಳುತ್ತಾಳೆ. ಅವಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾಲಿಗೆ ತಿದ್ದಿಕೊಳ್ಳಿ. ಬಣ್ಣ, ಎತ್ತರದ ಚಿಂತೆ ಆಮೇಲೆ. ನಮ್ಮ ಕಡೆ ಮಾತಿನಲ್ಲಿ ‘ಹ’ ಜಾರಿಹೋಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ‘ಹಕ್ಕಿಜ್ವರ’ವನ್ನು ಲೈವ್‌ನಲ್ಲಿ ‘ಅಕ್ಕಿಜ್ವರ’ ಅಂತ ಓದಿಬಿಟ್ಟೆ. ಬುಲೆಟಿನ್ ಮುಗಿದ ಮೇಲೆ ಮೇಕಪ್ ರೂಮಿನಲ್ಲಿ ಕೂತು ಅತ್ತೆ. ಸುದ್ದಿ ಬರೆದು ತಿದ್ದುವ ಡೆಸ್ಕ್‌ನ ಹಿರಿಯರೊಬ್ಬರು ಬಂದು ಒಂದು ದಾರಿ ಹೇಳಿಕೊಟ್ಟರು. ದಿನಾ ಬೆಳಗ್ಗೆ ಪೇಪರ್‌ನ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಬೇಕು. ಅದನ್ನು ಕೇಳುತ್ತಾ, ತಪ್ಪಿದ ಕಡೆಯೆಲ್ಲ ಪೇಪರ್ ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಬೇಕು. ಹ, ಮಹಾಪ್ರಾಣ, ಶ-ಷ-ಸ, ಲ-ಳ, ನ-ಣ. ನನ್ನ ಪೇಪರ್‌ನಲ್ಲಿ ಕೆಂಪು ಕಮ್ಮಿಯಾಗಲು ಮೂರು ತಿಂಗಳು ಹಿಡಿಯಿತು. ಆದರೆ ಭಯಕ್ಕೆ ಎಲ್ಲ ಕಡೆ ‘ಹ’ ಸೇರಿಸಬೇಡಿ. ‘ಆದರ’ ಹೋಗಿ ‘ಹಾದರ’ ಆದರೆ ಅದು ಇನ್ನೂ ದೊಡ್ಡ ತಪ್ಪು.

ಮನೆಮಾತನ್ನು ಮಾತ್ರ ಮರೆಯಬೇಡಿ. ಮಂಡ್ಯದ ಮಾತಿನ ಪಾತ್ರ ಇದ್ದಾಗ ನನಗೆ ಫೋನ್ ಬರುವುದು ಅದಕ್ಕೇ.

ಮಾತು ಎಷ್ಟು ಬಾಗಿಲು ತೆರೆಯುತ್ತದೆ ಅನ್ನುವುದಕ್ಕೆ ಅಪರ್ಣಾ ಅವರನ್ನು ನೋಡಿ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಲ್ಲಿ ನಟಿಯಾಗಿ ಬಂದರು. ಆಮೇಲೆ ದೂರದರ್ಶನ, ಆಕಾಶವಾಣಿ, ದೊಡ್ಡ ದೊಡ್ಡ ಸಮಾರಂಭಗಳ ನಿರೂಪಣೆ. ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ನಗಿಸಿದರು. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಕನ್ನಡದ ಪ್ರಕಟಣೆ ಹೇಳಿದ ದನಿಯೂ ಅವರದೇ. 2024ರ ಜುಲೈನಲ್ಲಿ ಅವರು ತೀರಿಕೊಂಡ ದಿನ ಮನೆಯವರನ್ನೇ ಕಳೆದುಕೊಂಡಂತೆ ಆಯಿತು.

ನ್ಯೂಸ್‌ಗೆ ಬರುವವರು ನೇರವಾಗಿ ಆ್ಯಂಕರ್ ಕೆಲಸ ಕೇಳಬೇಡಿ. ಡೆಸ್ಕ್‌ಗೆ ಸೇರಿ. ಹೆಡ್‌ಲೈನ್ ಬರೆಯಿರಿ, ಬೈಟ್ (ಜನ ಮಾತಾಡಿದ ತುಣುಕು) ಕಟ್ ಮಾಡಿಸಿ, ದೃಶ್ಯಗಳಿಗೆ ವಾಯ್ಸ್ ಓವರ್ ಕೊಡಿ. ಓದಬೇಕಾದ ಸಾಲು ತೋರಿಸುವ ಪ್ರಾಂಪ್ಟರ್ ನಿಂತುಹೋದರೆ ಕೈಯಲ್ಲಿರುವ ಕಾಗದವೇ ಗತಿ. ಬ್ರೇಕಿಂಗ್ ಬಂದರೆ ಕಾಗದವೂ ಇರುವುದಿಲ್ಲ. ಕಿವಿಯಲ್ಲಿ ಪ್ರೊಡ್ಯೂಸರ್ ‘ರಿಪೋರ್ಟರ್ ಲೈನ್‌ಗೆ ಬಂದಿಲ್ಲ, ಎರಡು ನಿಮಿಷ ಮಾತಾಡ್ತಾ ಇರಿ’ ಅನ್ನುತ್ತಾರೆ. ಸುದ್ದಿ ಬರೆದು ಅಭ್ಯಾಸ ಇದ್ದವರಿಗೆ ಮಾತ್ರ ಆ ಎರಡು ನಿಮಿಷ ದಾಟುತ್ತದೆ. ಇನ್ನೊಂದು, ಸ್ಕ್ರೀನ್ ಟೆಸ್ಟ್‌ಗೆ ಹಸಿರು ಸೀರೆ ಬೇಡ. ಬೇರೆ ಚಿತ್ರ ಕೂರಿಸಲು ಹಿಂದೆ ಹಸಿರು ಪರದೆ ಹಾಕಿದ್ದರೆ ಸೀರೆಯೂ ಮಾಯವಾಗುತ್ತದೆ.

ಸೀರಿಯಲ್‌ಗೆ ಬರುವವರು ಮೊದಲು ನಾಟಕ ಮಾಡಿ. ಹೆಗ್ಗೋಡಿನ ನಾಟಕ ಶಾಲೆ ನೀನಾಸಂನಲ್ಲಿ ಒಂದು ವರ್ಷದ ಕೋರ್ಸ್ ಇದೆ. ಅಷ್ಟು ದಿನ ಆಗದಿದ್ದರೆ ಹತ್ತಿರದ ಹವ್ಯಾಸಿ ತಂಡ ಸೇರಿ. ಸೆಟ್‌ನಲ್ಲಿ ಡೈಲಾಗ್ ಕೈಗೆ ಬರುವುದೇ ಶಾಟ್‌ಗೆ ಸ್ವಲ್ಪ ಮುಂಚೆ. ಸೀರೆ, ಬ್ಲೌಸ್, ಬಳೆ ಎಷ್ಟೋ ಸಲ ನಾವೇ ತರಬೇಕು. ಆ ದಿನದ ಶೂಟಿಂಗ್ ಮುಗಿದು ಪ್ಯಾಕಪ್ ಆದ ತಕ್ಷಣ ಸೀರೆಯ ನೆರಿಗೆ, ಬೊಟ್ಟು, ಎರಡೂ ಕೈಯ ಬಳೆ ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ಸೀನ್ ನಾಲ್ಕು ದಿನ ಬಿಟ್ಟು ಮುಂದುವರಿದಾಗ ಎಡಗೈಯಲ್ಲಿ ಆರು ಬಳೆ ಇತ್ತಾ, ಎಂಟಾ ಅಂತ ಯಾರಿಗೂ ನೆನಪಿರುವುದಿಲ್ಲ.

ಇನ್ನು ದುಡ್ಡು. ಸೀರಿಯಲ್‌ನಲ್ಲಿ ದಿನದ ಲೆಕ್ಕ. ಮಾಡಿದ ಕೆಲಸಕ್ಕೆ ಪೇಮೆಂಟ್ ಬರಲು ತಿಂಗಳುಗಟ್ಟಲೆ ಆಗಬಹುದು. ಆರು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಟುಕೊಂಡೇ ಬನ್ನಿ. ರೇಟ್ ಎಷ್ಟು ಅಂತ ಮೊದಲ ದಿನಕ್ಕೆ ಮುಂಚೆಯೇ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಒಂದು ಸೀರಿಯಲ್ ಅರ್ಧಕ್ಕೆ ನಿಂತಾಗ ನನ್ನ ಹನ್ನೆರಡು ದಿನದ ಪೇಮೆಂಟ್ ಬಾಕಿ ಉಳಿಯಿತು. ಯಾವ ದಿನ ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಪ್ಯಾಕಪ್ ಆಯಿತು ಅಂತ ಡೈರಿಯಲ್ಲಿ ಬರೆದಿದ್ದೆ. ಅದನ್ನು ತೋರಿಸಿಯೇ ವಸೂಲಿ ಮಾಡಿದೆ. ಪೇಮೆಂಟ್‌ನಲ್ಲಿ ಟಿಡಿಎಸ್ ಅಂತ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ, ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ಸ್ ಹಾಕಿ.

ಚಾನ್ಸ್ ಕೊಡಿಸ್ತೀನಿ ಅಂತ ದುಡ್ಡು ಕೇಳಿದವರ ನಂಬರ್ ಬ್ಲಾಕ್ ಮಾಡಿ. ಆಡಿಷನ್‌ಗೆ ಹಗಲು ಹೊತ್ತು, ಆಫೀಸಿಗೇ ಹೋಗಿ, ಜೊತೆಗೊಬ್ಬರು ಇರಲಿ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾನೂನು ಹೇಳುತ್ತದೆ. ದೂರನ್ನು ಬರವಣಿಗೆಯಲ್ಲಿ, ಮೂರು ತಿಂಗಳ ಒಳಗೆ ಕೊಡಬೇಕು. ಸಮಿತಿ ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಸೇರಿದ ದಿನವೇ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಮಗಳು ಹುಟ್ಟಿ ನಾನು ವಾಪಸ್ ಬಂದಾಗ ನನ್ನ ರಾತ್ರಿ ಒಂಬತ್ತರ ಬುಲೆಟಿನ್ ಬೇರೆಯವರ ಪಾಲಾಗಿತ್ತು. ತುಂಬ ನೋವಾಯಿತು. ಆಗ ಮನೆ ನಡೆದದ್ದು ಡೆಸ್ಕ್‌ನಲ್ಲಿ ಕಲಿತ ಬರವಣಿಗೆಯಿಂದ, ಡಬ್ಬಿಂಗ್‌ನಿಂದ. ಪಾತ್ರಗಳು ಬಂದದ್ದು ಆಮೇಲೆ. ಅದಕ್ಕೇ ಕ್ಯಾಮೆರಾ ಮುಂದಿನ ಕೆಲಸದ ಜೊತೆಗೆ ಹಿಂದಿನದೂ ಒಂದು ಕಲಿಯಿರಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯುಗಾದಿಗೆ ಹೋದಾಗ ಸಿಕ್ಕಿದ್ದ ಹುಡುಗಿ ನಿನ್ನೆ ತನ್ನ ರೆಕಾರ್ಡಿಂಗ್ ಕಳಿಸಿದ್ದಾಳೆ. ಹಾಸನದ ಮಳೆಯ ಸುದ್ದಿ. ‘ಹಾಸನ’ ಸ್ಪಷ್ಟವಾಗಿ ಬಂದಿದೆ. ‘ಷ’ ಇನ್ನೂ ಕೂತಿಲ್ಲ. ಮುಂದಿನ ತಿಂಗಳು ಮತ್ತೆ ಕಳಿಸು ಅಂದಿದ್ದೇನೆ.